ನೋಡದೆ ಬರೆದ ರೀಡಿಂಗು

ಪದ್ಮನಾಭನಿಗೆ ಯಾವುದಕ್ಕೆಲ್ಲ ಭಯ ಎಂದು ಪಟ್ಟಿ ಮಾಡಲು ಕೂತರೆ ಹೊತ್ತು ಮುಳುಗುತ್ತದೆ. ಯಾವುದಕ್ಕೆ ಭಯವಿಲ್ಲ ಎಂದು ಕೇಳಿ, ಬೇಗ ಮುಗಿಯುತ್ತದೆ. ಅಮ್ಮ ಮಾಡುವ ಅವರೆಕಾಳು ಉಪ್ಪಿಟ್ಟೊಂದನ್ನು ಬಿಟ್ಟರೆ ಉಳಿದದ್ದಕ್ಕೆಲ್ಲ ಅವನು ಹೆದರುತ್ತಿದ್ದ. ಬೀದಿನಾಯಿ, ಇಂಜೆಕ್ಷನ್, ವೈವಾ, ಬಾಡಿಗೆ ಕೇಳಲು ಬರುವ ಓನರ್, ಎಲ್ಲಕ್ಕೂ ಅವನ ಎದೆ ಒಂದೇ ಸಮ ಹೊಡೆದುಕೊಳ್ಳುತ್ತಿತ್ತು.

ಇಂಥವನು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಸೇರಿದ್ದ ನೋಡಿ! ಅಪ್ಪ ಕೆಂಚಪ್ಪ ರಾಜಾಜಿನಗರದ ಫ್ಯಾಕ್ಟರಿಯೊಂದರಲ್ಲಿ ಫಿಟ್ಟರು. “ಕರೆಂಟ್ ಓದಿದೋನಿಗೆ ಕೆಲ್ಸ ತಪ್ಪಲ್ಲ ಕಣೋ” ಎಂದಿದ್ದರು. ಅಪ್ಪನಿಗೆ ‘ಆಗಲ್ಲ’ ಎನ್ನಲು ಕರೆಂಟಿಗಿಂತ ಹೆಚ್ಚು ಭಯವಾಗಿ ಹುಡುಗ ಸೇರಿಬಿಟ್ಟ.

ಎಂಬತ್ತೇಳನೆಯ ಇಸವಿಯ ಜುಲೈ ತಿಂಗಳು, ಅವನ ಕೊನೆಯ ವರ್ಷ. ನಾಗರಬಾವಿಯಾಚೆಗಿನ ಕಾಲೇಜಿನ ನೋಟೀಸ್ ಬೋರ್ಡಿನಲ್ಲಿ ಪ್ರಾಜೆಕ್ಟ್ ಗೈಡ್ ರಾಮಯ್ಯ ಸಾರ್ ಪಟ್ಟಿ ಹಚ್ಚಿದ್ದರು. ಪದ್ಮನಾಭ ತನ್ನ ಹೆಸರು ಹುಡುಕಿದ. ಅದರ ಮುಂದೆ ‘ಬ್ಯಾಟರಿಗಳಲ್ಲಿ ವಿದ್ಯುತ್ ಸಂಗ್ರಹ’ ಎಂದಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಹೆಸರು: ಡಿ. ಗಂಗಲಕ್ಷ್ಮಿ. ಅವನು ಅಲ್ಲೇ ಕಂಬವಾಗಿ ನಿಂತ.

“ರೀ ಪದ್ಮನಾಭ, ಆ ಪಟ್ಟೀನ ಎಷ್ಟೊತ್ತು ನೋಡ್ತೀರಾ? ನನ್ ಹೆಸ್ರು ಅಷ್ಟೊಂದು ಕೆಟ್ಟದಾಗಿದ್ಯಾ?”

ಹಿಂದೆ ತಿರುಗಿದರೆ ಅವಳೇ. ಕುರುಬರಹಳ್ಳಿಯ ದೊಡ್ಡಹನುಮಯ್ಯನವರ ಮಗಳು ಗಂಗಲಕ್ಷ್ಮಿ. ಎಣ್ಣೆ ಹಚ್ಚಿ ಬಿಗಿದ ಜಡೆ, ಹೆಗಲಲ್ಲಿ ಬಟ್ಟೆ ಚೀಲ, ಕೈಯಲ್ಲಿ ಮೊಪೆಡ್ಡಿನ ಕೀ. ಅವಳು ನಗುವಾಗ ಮೊದಲು ಎಡಹುಬ್ಬು ಮೇಲೇರುತ್ತದೆ, ಆಮೇಲೆ ತುಟಿ ಅರಳುತ್ತದೆ. ಮೂರು ವರ್ಷದಿಂದ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು ಪದ್ಮನಾಭ ಇಷ್ಟನ್ನು ಮಾತ್ರ ಚೆನ್ನಾಗಿ ಓದಿಕೊಂಡಿದ್ದ.

“ಹೆಸ್ರು ಚೆನ್ನಾಗಿದೆ. ಬ್ಯಾಟರಿ ಅಂತ ಇದೆಯಲ್ಲ, ಅದಕ್ಕೇ...”

“ಬ್ಯಾಟರಿ ಕಚ್ಚಲ್ಲ.”

“ಆಸಿಡ್ ಇರತ್ತಲ್ರೀ?”

ಅವಳ ಎಡಹುಬ್ಬು ಮೇಲೇರಿತು. “ಅಯ್ಯೋ ದೇವ್ರೇ! ಒಳ್ಳೇ ಗಂಡಾಳನ್ನ ಜೊತೆ ಮಾಡಿದಾರೆ ರಾಮಯ್ಯ ಸಾರ್!”

ಪ್ರಾಜೆಕ್ಟು ಕೇಳಲು ಸುಲಭ. ರಾತ್ರಿ ಊರು ಮಲಗಿದಾಗ ಕರೆಂಟು ಮಿಗುತ್ತದೆ, ಸಂಜೆ ಮನೆಮನೆಯಲ್ಲೂ ದೀಪ ಹತ್ತಿದಾಗ ಸಾಲದೆ ಲೋಡ್ ಶೆಡ್ಡಿಂಗ್ ಮಾಡುತ್ತಾರೆ. ಮಿಕ್ಕಿದ್ದನ್ನು ಬ್ಯಾಟರಿಯಲ್ಲಿ ತುಂಬಿಟ್ಟು ಸಂಜೆ ವಾಪಸು ಕೊಟ್ಟರೆ ಎಷ್ಟು ಸಿಗುತ್ತದೆ, ಎಷ್ಟು ಸೋರಿಹೋಗುತ್ತದೆ ಎಂದು ಆರು ತಿಂಗಳು ಲೆಕ್ಕವಿಡಬೇಕು.

“ನಮ್ಮಜ್ಜಿ ನೆಲದೊಳಗಿನ ಹಗೇವಲ್ಲಿ ರಾಗಿ ತುಂಬಿಡ್ತಿದ್ರಲ್ಲ, ಅದೇ ಥರ,” ಎಂದಳು ಗಂಗಲಕ್ಷ್ಮಿ. “ಆದ್ರೆ ಹಗೇವಿನ ಬಾಯಿ ತೆಗೆದ ತಕ್ಷಣ ಯಾರೂ ಒಳಗಿಳೀತಿರ್ಲಿಲ್ಲ. ಒಳಗಿನ ಗಾಳಿ ಕೆಟ್ಟಿರತ್ತೆ, ಇಳಿದೋನು ಹೆಣವೇ.”

ಹೆದರುವವರ ಮೇಲೆ ಕಪ್ಪೆ ಎಸೆಯುವುದೆಂದರೆ ಇದೇ ಇರಬೇಕು.

ಲ್ಯಾಬಿನ ಹಿಂದಿನ ಚಿಕ್ಕ ಕೋಣೆಯಲ್ಲಿ ಮರದ ಸ್ಟ್ಯಾಂಡಿನ ಮೇಲೆ ಎರಡು ಸಾಲಾಗಿ ಇಪ್ಪತ್ತನಾಲ್ಕು ಗಾಜಿನ ಸೆಲ್‌ಗಳಿದ್ದವು. ಒಂದೊಂದೂ ಉಪ್ಪಿನಕಾಯಿ ಜಾಡಿಗಿಂತ ದೊಡ್ಡದು. ಒಳಗೆ ಸೀಸದ ಪ್ಲೇಟುಗಳು ಆಸಿಡ್‌ನಲ್ಲಿ ಮುಳುಗಿ ನಿಂತಿರುತ್ತಿದ್ದವು. ಚಾರ್ಜ್ ಪೂರ್ತಿ ತುಂಬುವ ಹೊತ್ತಿಗೆ ಸಣ್ಣ ಗುಳ್ಳೆ ಏಳುತ್ತಿತ್ತು. ಆ ಗುಳ್ಳೆಯಲ್ಲಿ ಬರುವುದು ಹೈಡ್ರೋಜನ್. ಅದು ಕೋಣೆಯಲ್ಲಿ ಸೇರಿಕೊಂಡು ಒಂದು ಕಿಡಿ ತಾಗಿದರೆ ಕೋಣೆಯೇ ಹಾರಿಹೋಗುತ್ತದೆ. ಅದಕ್ಕೆಂದೇ ಗೋಡೆಯಲ್ಲೊಂದು ಎಕ್ಸಾಸ್ಟ್ ಫ್ಯಾನು ಹಗಲೂ ರಾತ್ರಿ ಗರ್ರೆನ್ನುತ್ತಿತ್ತು.

ಲ್ಯಾಬ್ ಅಟೆಂಡರ್ ಮುನಿಯಪ್ಪ ಮೊದಲ ದಿನವೇ ಬೀಗದಕೈ ಕೊಡುತ್ತ ಹೇಳಿದ. “ಹಿಂದ್ಕೆ ನಾನೊಂದ್ ಮಿಲ್‌ನಾಗಿದ್ದೆ ಕಣಪ್ಪ. ಒಬ್ಬ ಸೆಲ್‌ನಾಗೆ ನೀರೆಷ್ಟೈತೆ ನೋಡಾನ ಅಂತ ಬೆಂಕಿಕಡ್ಡಿ ಗೀರ್ದ. ಆಮ್ಯಾಕೆ ಅವ್ನು ಏನ್ನೂ ನೋಡ್ಲಿಲ್ಲ. ಎರಡೂ ಕಣ್ಣು ಹೋದೋ.”

ಪದ್ಮನಾಭ ಆ ಮಧ್ಯಾಹ್ನ ಊಟ ಮಾಡಲಿಲ್ಲ.

ಕೆಲಸ ಹಂಚಿಕೆಯಾಯಿತು. ಸಂಜೆ ಚಾರ್ಜರ್ ಹಾಕುವುದು, ವೋಲ್ಟ್‌ಮೀಟರ್ ನೋಡುವುದು ಗಂಗಲಕ್ಷ್ಮಿಯದು. ಅವೆರಡೂ ಲ್ಯಾಬಿನಲ್ಲೇ ಇದ್ದವು. ಬೆಳಿಗ್ಗೆ ಎಂಟಕ್ಕೆ ಕೋಣೆಯೊಳಗೆ ಹೋಗಿ ಒಂದೊಂದು ಸೆಲ್ಲಿಗೂ ಹೈಡ್ರೋಮೀಟರ್ ಇಳಿಸಿ ನೋಡುವುದು ಪದ್ಮನಾಭನ ಪಾಲಿಗೆ ಬಂತು. ಹೈಡ್ರೋಮೀಟರ್ ಎಂದರೆ ರಬ್ಬರ್ ಬುರುಡೆಯ ಗಾಜಿನ ಕೊಳವೆ. ಅದುಮಿ ಬಿಟ್ಟರೆ ಸೆಲ್ಲಿನ ಆಸಿಡ್ ಮೇಲೇರುತ್ತದೆ, ಒಳಗಿನ ಗಾಜಿನ ಕಡ್ಡಿ ತೇಲುತ್ತದೆ. ಕಡ್ಡಿ ಮೇಲೆ ತೇಲಿದರೆ ಸೆಲ್ ತುಂಬಿದೆ, ಕೆಳಗೆ ಮುಳುಗಿದರೆ ಬರಿದಾಗಿದೆ.

ಮೊದಲ ತಿಂಗಳುಗಳನ್ನು ಅವನು ಹೇಗೋ ನೂಕಿದ. ಮುನಿಯಪ್ಪ ಬಾಗಿಲಲ್ಲಿ ನಿಂತಿರುತ್ತಿದ್ದ, ಇವನು ಒಳಗೆ ದೇವರನಾಮ ಹೇಳಿಕೊಳ್ಳುತ್ತ ರೀಡಿಂಗ್ ತೆಗೆಯುತ್ತಿದ್ದ. ಸೆಪ್ಟೆಂಬರ್ ನಡುವಿನಲ್ಲಿ ಮುನಿಯಪ್ಪನಿಗೆ ಬೆಳಗಿನ ಡ್ಯೂಟಿ ತಪ್ಪಿತು. ಆವತ್ತು ಪದ್ಮನಾಭ ಒಬ್ಬನೇ ಒಳಗೆ ಹೋದ. ನಾಲ್ಕನೆಯ ಸೆಲ್ಲಿನ ಹತ್ತಿರ ಕೈ ನಡುಗಿ ಕೊಳವೆಯ ತುದಿಯಿಂದ ಒಂದು ತೊಟ್ಟು ಆಸಿಡ್ ಮಣಿಕಟ್ಟಿನ ಮೇಲೆ ಬಿತ್ತು. ಉರಿ ಏನೂ ಅಷ್ಟಿರಲಿಲ್ಲ. ಆದರೆ ಜೀವ ಬಾಯಿಗೆ ಬಂತು. ಹೈಡ್ರೋಮೀಟರನ್ನು ಬಕೆಟ್ಟಿಗೆ ಹಾಕಿದವನೇ ಹೊರಗೋಡಿ ನಲ್ಲಿಯ ಕೆಳಗೆ ಕೈ ಹಿಡಿದ.

ಮತ್ತೆ ಒಳಗೆ ಹೋಗಲು ಕಾಲು ಬರಲಿಲ್ಲ.

ಮೆಟ್ಟಿಲ ಮೇಲೆ ಕೂತು ರಿಜಿಸ್ಟರ್ ತೆರೆದ. ನಿನ್ನೆಯ ಅಂಕಿಗಳಿದ್ದವು. ಪುಸ್ತಕದಲ್ಲಿ ಸೆಲ್ ಹೇಗೆ ತುಂಬುತ್ತದೆಂಬ ಕರ್ವ್ ಇತ್ತು. ಎರಡನ್ನೂ ನೋಡಿ ಉಳಿದ ಇಪ್ಪತ್ತು ಸೆಲ್ಲಿಗೂ ಒಂದೊಂದು ಅಂಕಿ ಬರೆದ. ಯಾರಿಗೂ ಗೊತ್ತಾಗಲಿಲ್ಲ. ಮರುದಿನ ಎರಡು ಸೆಲ್ ನೋಡಿ ಇಪ್ಪತ್ತೆರಡು ಬರೆದ. ಮೂರನೆಯ ದಿನದಿಂದ ಬೀಗವನ್ನೇ ತೆಗೆಯಲಿಲ್ಲ.

ಸುಳ್ಳಿಗೆ ಒಂದು ದೊಡ್ಡ ಗುಣವಿದೆ, ಅದು ನಿಜಕ್ಕಿಂತ ನೀಟಾಗಿರುತ್ತದೆ. ಪದ್ಮನಾಭನ ಗ್ರಾಫು ಪುಸ್ತಕದಲ್ಲಿ ಅಚ್ಚು ಹಾಕಿದ ಹಾಗೆ ಬಂತು. ರಾಮಯ್ಯ ಸಾರ್ ಕ್ಲಾಸಿನಲ್ಲಿ ಅದನ್ನು ಎತ್ತಿ ಹಿಡಿದು, “ಕೆಲವ್ರು ರೀಡಿಂಗ್ ನೋಡ್ದೇನೇ ಬರೀತಾರೆ. ಇವ್ರನ್ನ ನೋಡಿ ಕಲೀರಿ” ಎಂದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇವನ ಕೈ ತಾನಾಗಿ ಮಣಿಕಟ್ಟಿನ ಕಲೆಯನ್ನು ಮುಚ್ಚಿತು. ಗಂಗಲಕ್ಷ್ಮಿ ಮುಂದಿನ ಬೆಂಚಿನಿಂದ ತಿರುಗಿ ಅವನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ತಮಾಷೆ ಇರಲಿಲ್ಲ. ಹೆಮ್ಮೆಯಿತ್ತು.

ಆ ಒಂದು ನೋಟ ಕಳೆದುಕೊಳ್ಳುವ ಭಯ ಉಳಿದ ಭಯಗಳನ್ನೆಲ್ಲ ನುಂಗಿಕೊಂಡಿತು.

ಆ ಸಂಜೆ ಬಸ್ ಸ್ಟಾಪಿನಲ್ಲಿ ಅವಳು ಮೊಪೆಡ್ ನಿಲ್ಲಿಸಿದಳು. “ಹತ್ತಿ.”

“ಬೇಡ, ಬಸ್ಸು...”

“ಬಸ್ಸು ಈಗ ತಾನೇ ಹೋಯ್ತು, ನಾನು ನೋಡ್ದೆ. ಬಸವೇಶ್ವರನಗರ ನನ್ ದಾರೀಲೇ ಇರೋದು. ಹತ್ರೀ!”

“ಯಾರಾದ್ರೂ ನೋಡಿದ್ರೆ?”

“ನೋಡ್ಲಿ. ಹುಡುಗಿ ಗಾಡಿ ಓಡಿಸ್ತಾಳೆ, ಹುಡುಗ ಹಿಂದೆ ಕೂತು ನಡುಗ್ತಾನೆ ಅಂತ ನಗ್ತಾರೆ. ನಕ್ರೆ ನಿಮ್ ಗಂಟೇನು ಹೋಗತ್ತೆ?”

ಅವನು ಕೂತ. ಹಿಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದ. ವಿಜಯನಗರದ ತಿರುವುಗಳಲ್ಲಿ ಅವಳ ಜಡೆ ಅವನ ಮೊಣಕಾಲಿಗೆ ಮೆಲ್ಲಗೆ ತಾಗುತ್ತಿತ್ತು. ತಾಗಿದಾಗಲೆಲ್ಲ ಅವನು ಉಸಿರು ಬಿಗಿಹಿಡಿಯುತ್ತಿದ್ದ. ಮಾಗಡಿ ರೋಡಿನಲ್ಲಿ ಎದುರಿಗೆ ಲಾರಿ ಬಂತು.

“ಕಣ್ ಮುಚ್ಕೊಂಡಿದೀರಾ ಹೇಗೆ?” ಕನ್ನಡಿಯಲ್ಲಿ ಅವಳ ಕಣ್ಣು ನಗುತ್ತಿತ್ತು.

“ಇಲ್ಲ.”

“ಸುಳ್ಳು. ಕನ್ನಡೀಲಿ ಕಾಣ್ತಿದೆ.” ಸ್ವಲ್ಪ ದೂರ ಹೋದ ಮೇಲೆ ಗಾಳಿಗೆ ಕೇಳುವಂತೆ ದನಿಯೆತ್ತಿ ಹೇಳಿದಳು. “ನಿಮ್ಮನ್ನ ನೋಡಿದ್ರೆ ನಗು ಬರತ್ತೆ ಕಣ್ರೀ. ಇಷ್ಟ್ ಹೆದರೋ ಮನುಷ್ಯ ದಿನಾ ಬೆಳಿಗ್ಗೆ ಒಬ್ರೇ ಆ ಕೋಣೆಗೆ ಹೋಗ್ತೀರಲ್ಲ. ಹೆದರ್ದೇ ಇರೋರು ಹೋದ್ರೆ ಅದೇನ್ ದೊಡ್ಡದು?”

ಆಗಲೇ ಹೇಳಿಬಿಡಬೇಕಿತ್ತು. ಅವನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಬಸವೇಶ್ವರನಗರದ ತಿರುವು ಬಂತು, ಅವನು ಇಳಿದ.

ಆಯುಧಪೂಜೆ ಬಂತು. ಆ ವರ್ಷ ರಾಮಯ್ಯ ಸಾರ್‌ಗೆ ಒಂದು ಆಸೆ. ಪೂಜೆ ಮುಗಿದ ಮೇಲೆ ಮೇನ್ ಸ್ವಿಚ್ ತೆಗೆದು, ಲ್ಯಾಬಿಗೆ ಕಟ್ಟಿದ ಸೀರಿಯಲ್ ಸೆಟ್ಟನ್ನೆಲ್ಲ ಬ್ಯಾಟರಿಯಿಂದ ಉರಿಸಿ ಪ್ರಿನ್ಸಿಪಾಲರಿಗೆ ತೋರಿಸಬೇಕು. ಹಿಂದಿನ ದಿನ ಸಂಜೆ ಗಂಗಲಕ್ಷ್ಮಿ ಚಾರ್ಜರಿನ ಮುಂದೆ ನಿಂತು ರಿಜಿಸ್ಟರ್ ನೋಡಿದಳು.

“ನಿಮ್ ರೀಡಿಂಗ್ ಪ್ರಕಾರ ಇನ್ನೂ ಅರ್ಧಾನೇ ತುಂಬಿರೋದು. ದಿನದ ಸಣ್ಣ ಚಾರ್ಜ್ ಸಾಲಲ್ಲ, ರಾತ್ರಿಯೆಲ್ಲ ಬೂಸ್ಟ್ ಹಾಕಿ ಜೋರಾಗಿ ತುಂಬಿಸ್ಬೇಕು.” ಸ್ವಿಚ್ ಹಾಕಿದಳು. ವೋಲ್ಟ್‌ಮೀಟರಿನ ಮುಳ್ಳು ಸರ್ರನೆ ಏರಿ ಅರವತ್ತರಲ್ಲಿ ನಿಂತಿತು. ಅವಳು ಹುಬ್ಬು ಗಂಟಿಕ್ಕಿದಳು. “ಇದೇನಿದು? ಅರ್ಧ ತುಂಬಿರೋ ಬ್ಯಾಂಕು ಐವತ್ತೆರಡು ದಾಟ್ಬಾರ್ದು. ಅರವತ್ತು ಅಂದ್ರೆ ಪೂರ್ತಿ ತುಂಬಿ ಗ್ಯಾಸ್ ಬರ್ತಿದೆ ಅಂತ ಅರ್ಥ.”

ಮೀಟರು ನಿಜ ಹೇಳುತ್ತಿದೆಯೆಂದು ಪದ್ಮನಾಭನಿಗೆ ಗೊತ್ತಾಯಿತು. ಪುಸ್ತಕದ ಕರ್ವ್ ನಿಧಾನವಾಗಿ ಏರುತ್ತಿದ್ದರೆ, ಒಳಗಿನ ಸೆಲ್‌ಗಳು ಯಾವತ್ತೋ ತುಂಬಿಹೋಗಿದ್ದವು.

ಅವಳು ಮೀಟರಿನ ಗಾಜಿಗೆ ಬೆರಳಿನಿಂದ ತಟ್ಟಿದಳು. ಮುಳ್ಳು ಕದಲಲಿಲ್ಲ. ಆಮೇಲೆ ತಿರುಗಿ ಅವನ ಮುಖ ನೋಡಿದಳು, ನಿಧಾನವಾಗಿ ಎಡಹುಬ್ಬು ಏರಿತು, ತುಟಿ ಅರಳಿತು.

“ಮೀಟರ್ ಕೆಟ್ಟಿರ್ಬೇಕು. ನಾನು ನಿಮ್ಮನ್ನ ನಂಬ್ತೀನಿ.”

ಹುಡುಗಿಯೊಬ್ಬಳ ಬಾಯಲ್ಲಿ ಅಂಥ ಮಾತು ಕೇಳಲು ಗಂಡಸರು ಏಳು ಜನ್ಮ ಕಾಯುತ್ತಾರೆ. ಇವನು ಕೇಳಿದ, ಸುಮ್ಮನೆ ನಿಂತ. ಫ್ಯಾನ್ ಓಡುತ್ತಿರುತ್ತದಲ್ಲ, ಗ್ಯಾಸೆಲ್ಲ ಹೊರಗೆ ಹೋಗುತ್ತದೆ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಚಾರ್ಜರ್ ಆರಿಸಿದರಾಯಿತು ಎಂದುಕೊಂಡ. ಹೇಡಿಗೆ ಯಾವಾಗಲೂ ನಾಳೆ ಬೆಳಿಗ್ಗೆ ಎನ್ನುವುದೊಂದು ಇರುತ್ತದೆ.

ಬೆಳಿಗ್ಗೆ ಮನೆಯಲ್ಲೂ ಹಬ್ಬ. ಅಪ್ಪನ ಸೈಕಲ್ಲಿಗೆ, ಸ್ಪ್ಯಾನರ್‌ಗಳಿಗೆ ಪೂಜೆಯಾಗದೆ ಹೊಸ್ತಿಲು ದಾಟಕೂಡದೆಂದು ಅಮ್ಮ ವೆಂಕಟಲಕ್ಷ್ಮಮ್ಮ ಹಟ ಹಿಡಿದರು. ಅವನು ಕಾಲೇಜು ತಲುಪುವ ಹೊತ್ತಿಗೆ ಹತ್ತೂವರೆ. ಗೇಟಿನಿಂದ ಲ್ಯಾಬಿನ ಹಿಂಗೋಡೆಯ ಪಕ್ಕದ ಕಾಲುದಾರಿಯಲ್ಲಿ ಓಡುತ್ತ ಬಂದವನು ಥಟ್ಟನೆ ನಿಂತ.

ಫ್ಯಾನಿನ ಸದ್ದಿಲ್ಲ.

ತಲೆಯೆತ್ತಿ ನೋಡಿದ. ಎಕ್ಸಾಸ್ಟ್ ಫ್ಯಾನಿನ ರೆಕ್ಕೆಗಳು ನಿಂತಿದ್ದವು. ಕಿಟಕಿಗೆ ಒಳಗಿನಿಂದ ಗುಲಾಬಿ ಬಣ್ಣದ ಕಾಗದ ಅಂಟಿಸಿತ್ತು. ಅವನು ಬಾಗಿಲ ಕಡೆಗೆ ಓಡಿದ.

ಲ್ಯಾಬಿನೊಳಗೆ ಬಾಳೆಕಂದು, ಮಾವಿನ ತೋರಣ, ಮೋಟಾರುಗಳ ಮೇಲೆಲ್ಲ ಕುಂಕುಮದ ಬೊಟ್ಟು. ಮೇಷ್ಟ್ರುಗಳು, ಹುಡುಗರು ಗುಂಪುಗೂಡಿದ್ದರು. ಮುನಿಯಪ್ಪ ಬ್ಯಾಟರಿ ಕೋಣೆಯ ಬೀಗಕ್ಕೆ ಕೀ ಹಾಕುತ್ತಿದ್ದ. ಅವನ ಹಿಂದೆ ಹಸಿರು ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು ಗಂಗಲಕ್ಷ್ಮಿ ನಿಂತಿದ್ದಳು. ಕೈಯಲ್ಲಿ ಆರತಿ ತಟ್ಟೆ. ತಟ್ಟೆಯಲ್ಲಿ ಕರ್ಪೂರ ಧಗಧಗ ಉರಿಯುತ್ತಿತ್ತು.

ಅವನನ್ನು ಕಂಡು ಅವಳ ಕಣ್ಣು ಅಷ್ಟಗಲವಾಯಿತು. ಎಲ್ಲಿ ಹೋಗಿದ್ರಿ ಎಂದು ಹುಬ್ಬಿನಲ್ಲೇ ಕೇಳಿದಳು. “ಬನ್ನಿ, ಬನ್ನಿ. ಪ್ರಾಜೆಕ್ಟ್ ಇಬ್ಬರ್ದೂ ಅಲ್ವಾ, ಇಬ್ರೂ ಸೇರಿ ಬೆಳಗೋಣ.” ಹುಡುಗರು ‘ಓಹೋ’ ಎಂದರು. ಅವಳ ಕೆನ್ನೆ ಕೆಂಪಾಯಿತು, ಆದರೆ ತಟ್ಟೆ ಅವನ ಕಡೆ ನೀಡಿಯೇ ಇದ್ದಳು.

“ಮುನಿಯಪ್ಪ, ಫ್ಯಾನ್... ಫ್ಯಾನ್ ಯಾಕ್ ಆರ್ಸಿದ್ರಿ?”

“ನಿನ್ನೆ ಸಂಜೆ ನೀವಿಬ್ರೂ ಹೋದ್ ಮ್ಯಾಕೇ ಆರ್ಸಿದೆ ಕಣಪ್ಪ. ಆ ಗಾಳಿಗೆ ಆರತಿ ನಿಲ್ತದಾ? ಕಿಟಕಿಗೂ ಕಾಗ್ದ ಹಚ್ಚಿವ್ನಿ, ಸಂದಾಕಿಲ್ವಾ?”

“ಒಳಗೆ ಬೆಂಕಿ ತಗೊಂಡು ಹೋಗ್ಬಾರ್ದು. ಮಿಲ್‌ನಲ್ಲಿ ಕಣ್ಣು ಹೋಯ್ತು ಅಂತ ನೀವೇ ಹೇಳಿದ್ರಿ...”

“ಅದು ಬೆಂಕಿಕಡ್ಡಿ, ಇದು ದ್ಯಾವ್ರ ಆರತಿ. ವರ್ಷಾ ವರ್ಷಾ ಬೆಳಗ್ತೀವಿ, ಏನಾಗೈತೆ?”

ಏನೂ ಆಗಿರಲಿಲ್ಲ, ನಿಜ. ಹಿಂದಿನ ವರ್ಷಗಳಲ್ಲಿ ಆ ಸೆಲ್‌ಗಳು ಧೂಳು ಹಿಡಿದು ಬರಿದಾಗಿ ಬಿದ್ದಿದ್ದವು.

ಗಂಗಲಕ್ಷ್ಮಿ ನಕ್ಕಳು. “ಶುರುವಾಯ್ತು ನೋಡಿ ಇವ್ರದ್ದು. ರೀ, ನಾನು ಲೆಕ್ಕ ಹಾಕಿದೀನಿ. ನಿಮ್ ರೀಡಿಂಗ್ ಪ್ರಕಾರ ಗ್ಯಾಸ್ ಬರೋಕೆ ಇನ್ನೂ ಮಧ್ಯಾಹ್ನ ಆಗ್ಬೇಕು. ಬೆಳಗಿ ಐದು ನಿಮಿಷದಲ್ಲಿ ಹೊರಗ್ ಬರ್ತೀವಿ.”

ಕೀ ತಿರುಗಿತು. ಬಾಗಿಲು ತೆರೆಯಿತು. ಒಳಗಿನಿಂದ ಗಂಟಲು ಹಿಡಿಯುವ ಹುಳಿ ವಾಸನೆ ಬಂತು. ಇಪ್ಪತ್ತನಾಲ್ಕು ಸೆಲ್‌ಗಳೂ ಎಸರು ಕುದಿಯುವ ಹಾಗೆ ಕೊತಕೊತ ಎನ್ನುತ್ತಿದ್ದವು. ಗಂಗಲಕ್ಷ್ಮಿ ಆರತಿಯೆತ್ತಿ ಬಲಗಾಲನ್ನು ಹೊಸ್ತಿಲ ಕಡೆಗಿಟ್ಟಳು.

ಆ ಗಳಿಗೆಯಲ್ಲಿ ಪದ್ಮನಾಭನಿಗೆ ಭಯ ಹೋಯಿತು ಎಂದು ಹೇಳಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಭಯ ಹೋಗಲಿಲ್ಲ. ಜೀವಮಾನದಲ್ಲಿ ಅಷ್ಟು ಭಯ ಅವನಿಗೆ ಆಗಿರಲೇ ಇಲ್ಲ. ಆದರೆ ಈ ಸಲ ಭಯ ಅವನ ಕಾಲನ್ನು ಮುಂದಕ್ಕೆ ನೂಕಿತು. ಹಾರಿ ಹೋಗಿ ಉರಿಯುವ ಕರ್ಪೂರದ ಮೇಲೆ ಬಲಗೈಯನ್ನು ಅಪ್ಪಳಿಸಿ ಅದುಮಿ ಹಿಡಿದ. ಚರ್ಮ ಸುಟ್ಟ ವಾಸನೆ ಬಂತು. ಜ್ವಾಲೆ ಆರಿತು.

ಲ್ಯಾಬಿನಲ್ಲಿ ಎಲ್ಲರೂ ಹಾ ಎಂದರು. ಹಬ್ಬದ ದಿನ ಆರತಿ ಆರಿಸುವುದೆಂದರೇನು!

“ಆ ರೀಡಿಂಗ್ ಸುಳ್ಳು,” ಎಂದ ಪದ್ಮನಾಭ. “ನಾನು ನೋಡೇ ಇಲ್ಲ. ಹದಿನೇಳು ದಿನದಿಂದ ಹೊರಗೆ ಮೆಟ್ಲ ಮೇಲೆ ಕೂತು ಬರ್ದಿದೀನಿ. ಸೆಲ್ಲೆಲ್ಲ ಯಾವತ್ತೋ ತುಂಬಿದಾವೆ. ಮೀಟರ್ ಕೆಟ್ಟಿಲ್ಲ ಗಂಗಲಕ್ಷ್ಮಿ. ರಾತ್ರಿಯೆಲ್ಲ ಗ್ಯಾಸ್ ಬಂದು ಒಳಗೇ ತುಂಬ್ಕೊಂಡಿದೆ.”

ಮೊದಲು ಅರ್ಥವಾದದ್ದು ರಾಮಯ್ಯ ಸಾರ್‌ಗೆ. ಅವರ ಮುಖ ಬಿಳುಚಿತು. “ಚಾರ್ಜರ್ ಮೇನ್ ಆಫ್ ಮಾಡಿ! ಊದುಬತ್ತಿ, ದೀಪ ಎಲ್ಲಾ ಆರ್ಸಿ! ಫ್ಯಾನ್ ಸ್ವಿಚ್ ಮುಟ್ಬೇಡಿ ಯಾರೂ, ಕಿಡಿ ಹಾರತ್ತೆ. ಎಲ್ರೂ ಬಯಲಿಗೆ ಹೋಗಿ. ಆ ಕಿಟಕಿ ತೆಗೀಬೇಕಲ್ಲ, ಚಿಲಕ ಒಳಗಿದೆ...”

ಅವರ ಮಾತು ಮುಗಿಯುವ ಮೊದಲೇ ಪದ್ಮನಾಭ ಒಳಗೆ ಹೋಗಿದ್ದ. ಹದಿನೈದು ದಿನ ಕಾಲಿಡದ ಕೋಣೆ. ಬಾಗಿಲಿನಿಂದ ಕಿಟಕಿಗೆ ಎಂಟು ಹೆಜ್ಜೆ. ಎರಡು ಬದಿಗೂ ಗಾಜಿನೊಳಗೆ ಆಸಿಡ್ ಕುದಿಯುತ್ತಿತ್ತು. ಉಸಿರು ಕಟ್ಟಿ, ಹಲ್ಲು ಕಚ್ಚಿ, ಎಡಗೈಯಲ್ಲಿ ಕಾಗದ ಹರಿದು, ಚಿಲಕ ಎಳೆದು ಕಿಟಕಿಯನ್ನು ನೂಕಿದ. ಹೊರಗಿನ ಗಾಳಿ ಮುಖಕ್ಕೆ ಬಡಿದಾಗ ಅವನಿಗೆ ಅಳು ಬಂತು.

ಬಯಲಿನಲ್ಲಿ ಯಾರೋ ಅವನ ಕೈಗೆ ನೀರು ಸುರಿದರು. ಗಂಗಲಕ್ಷ್ಮಿ ಬರಿಯ ತಟ್ಟೆ ಹಿಡಿದುಕೊಂಡೇ ಎದುರಿಗೆ ಬಂದು ನಿಂತಳು. ಮಲ್ಲಿಗೆ ಜಾರಿ ಹೆಗಲ ಮೇಲೆ ಬಿದ್ದಿತ್ತು. ಮೂರು ವರ್ಷದಲ್ಲಿ ಅವಳು ಅವನನ್ನು ‘ನೀನು’ ಎಂದದ್ದು ಅದೇ ಮೊದಲು.

“ನಿನ್ನೆ ಮೀಟರ್ ಅರವತ್ತು ತೋರಿಸ್ದಾಗ ನೀನು ನನ್ ಪಕ್ಕದಲ್ಲೇ ನಿಂತಿದ್ದೆ.”

ಅಷ್ಟೇ ಹೇಳಿದಳು. ತಟ್ಟೆಯನ್ನು ಮುನಿಯಪ್ಪನ ಕೈಗೆ ಕೊಟ್ಟು, ಮೊಪೆಡ್ ಹತ್ತಿ ಹೊರಟುಹೋದಳು.

ಶಿಕ್ಷೆ ಇಬ್ಬರಿಗೂ ಬಂತು, ರಿಜಿಸ್ಟರಿನಲ್ಲಿ ಇಬ್ಬರ ಹೆಸರೂ ಇತ್ತಲ್ಲ. ಬರೆದದ್ದೆಲ್ಲ ರದ್ದು, ದಸರಾ ರಜೆ ಮುಗಿದ ಮೇಲೆ ಮೊದಲಿನಿಂದ ಶುರು, ಡಿಗ್ರಿ ಆರು ತಿಂಗಳು ತಡ. ಇನ್ನು ಮುಂದೆ ಒಬ್ಬರು ನೋಡಿದ ರೀಡಿಂಗನ್ನು ಇನ್ನೊಬ್ಬರೂ ನೋಡಬೇಕು, ಆಮೇಲೆ ಬರೆಯಬೇಕು. ಬೇಕಿದ್ದರೆ ಬೇರೆ ಪಾರ್ಟ್‌ನರ್ ಕೊಡುತ್ತೇನೆಂದು ರಾಮಯ್ಯ ಸಾರ್ ಗಂಗಲಕ್ಷ್ಮಿಗೆ ಹೇಳಿಕಳಿಸಿದರು. ರಜೆ ಮುಗಿದ ಮೇಲೆ ಹೇಳುತ್ತೇನೆ ಎಂದಳಂತೆ.

ಆ ಹತ್ತು ದಿನ ಪದ್ಮನಾಭ ಬದುಕಿದ್ದು ಹೇಗೋ. ಕೈಯ ಕಟ್ಟು ನೋಡಿ ಅಮ್ಮ ಏನಾಯಿತೋ ಎಂದರೆ, ಆರತಿ ತಗುಲಿತು ಎನ್ನಲು ಬಾಯಿ ತೆರೆದವನು ತಡೆದು, ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದ. ಅಪ್ಪ ಬೈಯುತ್ತಾರೆಂದು ಕಾದ. ಕೆಂಚಪ್ಪ, “ಆ ಮಗೀಗೆ ಏನಾದ್ರೂ ಆಗಿದ್ರೆ ಏನ್ ಮಾಡ್ತಿದ್ಯೋ?” ಎಂದರು. ಅದಕ್ಕಿಂತ ಎರಡು ಬಿಗಿದಿದ್ದರೆ ಚೆನ್ನಾಗಿತ್ತು. ಕಣ್ಣು ಮುಚ್ಚಿದರೆ ಸಾಕು, ಹಸಿರು ಸೀರೆಯ ಅಂಚು ಹೊಸ್ತಿಲ ಕಡೆ ಸರಿಯುವುದು ಕಾಣುತ್ತಿತ್ತು.

ರಜೆ ಮುಗಿದ ಸೋಮವಾರ ಬೆಳಿಗ್ಗೆ ಎಂಟಕ್ಕೆ ಅವನು ಕೋಣೆಯ ಬೀಗ ತೆಗೆದ. ಫ್ಯಾನ್ ಓಡುತ್ತಿತ್ತು, ಕಿಟಕಿ ತೆರೆದಿತ್ತು. ಕಟ್ಟು ಕಟ್ಟಿದ ಕೈಯಲ್ಲಿ ಹೈಡ್ರೋಮೀಟರ್ ಹಿಡಿದು ಮೊದಲನೆಯ ಸೆಲ್ಲಿಗೆ ಬಗ್ಗಿದ. ಹೊರಗೆ ಮೊಪೆಡ್ ನಿಂತ ಸದ್ದಾಯಿತು.

ಬಾಗಿಲಲ್ಲಿ ಗಂಗಲಕ್ಷ್ಮಿ. ಕೈಯಲ್ಲಿ ಹೊಸ ರಿಜಿಸ್ಟರ್. ಒಳಗೆ ಬರಲಿಲ್ಲ.

“ಬೇರೆ ಪಾರ್ಟ್‌ನರ್ ಬೇಕಾ ಅಂತ ಸಾರ್ ಕೇಳಿದಾರೆ.”

“ಗೊತ್ತು.”

“ಏನ್ ಹೇಳ್ಲಿ?”

“ಬೇಕು ಅನ್ನಿ,” ಎಂದ. “ನಾನು ನಿಮ್ ಜಾಗದಲ್ಲಿದ್ರೆ ಹಾಗೇ ಅಂತಿದ್ದೆ.”

ಅವಳು ಹೊಸ್ತಿಲನ್ನೇ ನೋಡುತ್ತಿದ್ದಳು. ರಿಜಿಸ್ಟರ್ ಹಿಡಿದ ಬೆರಳುಗಳು ನಡುಗುತ್ತಿದ್ದುದನ್ನು ಅವನು ಆಗ ಕಂಡ.

“ಹಬ್ಬದ ದಿನದಿಂದ ಮನೇಲಿ ದೇವರ ದೀಪ ಹಚ್ಚೋಕೂ ಕೈ ನಡುಗತ್ತೆ,” ಎಂದಳು. “ನನಗೆ ಭಯ ಅಂದ್ರೆ ಏನೂಂತ್ಲೇ ಗೊತ್ತಿರ್ಲಿಲ್ಲ. ನಿಮ್ದನ್ನ ನನಗೆ ಅಂಟಿಸಿಬಿಟ್ರಿ. ಒಳಗೆ ಬರೋಕೆ ಆಗ್ತಿಲ್ಲ.”

“ನನಗೂ ಆಗ್ತಿಲ್ಲ. ಬಂದು ಅರ್ಧ ಗಂಟೆ ಹೊರಗೇ ನಿಂತಿದ್ದೆ.”

“ಮತ್ತೆ ಹೇಗ್ ಬಂದ್ರಿ?”

“ಹೆದರ್ಕೊಂಡೇ ಬಂದೆ.”

ಅವಳ ಕಣ್ಣಲ್ಲಿ ನೀರು ತುಂಬಿತು. ಸಿಟ್ಟು ಬಂತು. “ಮೀಟರ್ ಬಿಟ್ಟು ನಿಮ್ಮನ್ನ ಯಾಕ್ ನಂಬಿದೆ ಗೊತ್ತಾ? ಅದಕ್ಕೆ ಇಂಜಿನಿಯರಿಂಗ್ ಕಾರಣ ಒಂದೂ ಇರ್ಲಿಲ್ಲ. ಹತ್ತು ದಿನದಿಂದ ಅದನ್ನೇ ನೆನೆಸ್ಕೊಂಡು ನನ್ನನ್ನ ನಾನೇ ಬೈಕೊಳ್ತಿದೀನಿ.”

ಪದ್ಮನಾಭ ಹೈಡ್ರೋಮೀಟರನ್ನು ಕೆಳಗಿಟ್ಟು ಬಾಗಿಲಿಗೆ ಬಂದು ಎಡಗೈ ಚಾಚಿದ. ಅವಳು ಆ ಕೈಯನ್ನು ನೋಡಿದಳು, ಕಟ್ಟು ಕಟ್ಟಿದ ಇನ್ನೊಂದು ಕೈಯನ್ನು ನೋಡಿದಳು. ಆಮೇಲೆ ಅವನ ಬೆರಳ ತುದಿಯನ್ನಷ್ಟೇ ಹಿಡಿದು ಹೊಸ್ತಿಲು ದಾಟಿದಳು. ಅವಳ ಕೈ ಮಂಜಿನಷ್ಟು ತಣ್ಣಗಿತ್ತು.

ಮೊದಲನೆಯ ಸೆಲ್. ಅವನು ನೋಡಿ ಅಂಕಿ ಹೇಳಿದ. ಅವಳು ಅವನನ್ನು ಸರಿಸಿ ತಾನೇ ಬಗ್ಗಿ ನೋಡಿ ಬರೆದಳು. ಎರಡನೆಯದು, ಮೂರನೆಯದು, ಹಾಗೇ. ಆರನೆಯದರಲ್ಲಿ ಐದು ಪಾಯಿಂಟ್ ವ್ಯತ್ಯಾಸ ಬಂದು ಜಗಳವಾಯಿತು. ಇನ್ನೊಮ್ಮೆ ನೋಡಿದರೆ ಅವಳದೇ ತಪ್ಪು. ಅವಳು ಒಪ್ಪಿಕೊಳ್ಳದೆ ಮೂಗು ಸಿಂಡರಿಸಿ ತಿದ್ದಿದಳು. ಒಂಬತ್ತನೆಯ ಸೆಲ್ಲಿನ ಹತ್ತಿರ ಪದ್ಮನಾಭ ಬಗ್ಗಲಿಲ್ಲ.

“ಏನಾಯ್ತು?”

“ನೀವಂದ್ರೆ ನನಗೆ ಪ್ರಾಣ,” ಎಂದ. “ಆ ಸುಳ್ಳು ಶುರುವಾಗಿದ್ದು ಆಸಿಡ್ ಭಯಕ್ಕೆ. ಮುಂದುವರಿದಿದ್ದು ನಿಮ್ಮನ್ನ ಕಳ್ಕೊಳ್ಳೋ ಭಯಕ್ಕೆ. ಇದನ್ನ ಹೇಳೋಕೂ ಭಯಾನೇ. ಆದ್ರೆ ಹೇಳ್ದೆ ಇಟ್ಕೊಳ್ಳೋಕೆ ಇನ್ನು ನನ್ ಕೈಲಾಗಲ್ಲ.”

ಫ್ಯಾನು ಗರ್ರೆನ್ನುತ್ತಿತ್ತು. ಅವಳು ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ.

“ಇದು ನೋಡಿ ಹೇಳ್ತಿರೋದಾ, ನೋಡದೆ ಹೇಳ್ತಿರೋದಾ?”

“ನೋಡಿ. ಮೂರು ವರ್ಷದಿಂದ ದಿನಾ ನೋಡಿ.”

“ಹಾಗಾದ್ರೆ ನಾನೂ ನೋಡ್ಬೇಕು. ಸಾರ್ ರೂಲು.”

ಪೆನ್ನು ಮುಚ್ಚಿದಳು. ತಲೆಯೆತ್ತಿ ಅವನ ಕಣ್ಣಿನಲ್ಲಿ ಕಣ್ಣಿಟ್ಟಳು. ಹೈಡ್ರೋಮೀಟರಿನ ಕಡ್ಡಿ ಅಲುಗಾಟ ನಿಲ್ಲಿಸುವವರೆಗೆ ಕಾಯುತ್ತಾರಲ್ಲ, ಹಾಗೆ ಅವಸರವಿಲ್ಲದೆ ನೋಡಿದಳು. ಅವನ ಎದೆ ಹೊಡೆದುಕೊಳ್ಳುವುದು ಅವನ ಕಿವಿಗೇ ಕೇಳುತ್ತಿತ್ತು. ಓಡಿಹೋಗಬೇಕೆನಿಸಿತು. ಓಡಲಿಲ್ಲ, ಕಣ್ಣು ತಗ್ಗಿಸಲೂ ಇಲ್ಲ.

“ಸರಿಯಾಗೇ ಇದೆ ಕಣೋ,” ಎಂದಳು ಕೊನೆಗೆ. ಪೆನ್ನಿನ ಮುಚ್ಚಳ ಮತ್ತೆ ತೆಗೆದಳು. “ಮುಂದಿನ ಸೆಲ್ ನೋಡು.”